ನ್ಯೂಯಾರ್ಕ್ ಟ್ರಾನ್ಸಿಟ್ ಮ್ಯೂಸಿಯಂ: ಬಾಗಿಲು ಎಣಿಸುತ್ತ ನೋಡಬೇಕಾದ ಜಾಗ

ಬ್ರೂಕ್ಲಿನ್‌ನಲ್ಲಿ ಬೋರಮ್ ಪ್ಲೇಸ್ ಮತ್ತು ಸ್ಕರ್ಮರ್‌ಹಾರ್ನ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಸಬ್‌ವೇಗೆ, ಅಂದರೆ ನೆಲದಡಿಯ ರೈಲಿಗೆ, ಇಳಿಯುವಂಥದೇ ಮೆಟ್ಟಿಲಿದೆ. ಮ್ಯೂಸಿಯಂ ಅಂದರೆ ಕಂಬ, ಗೋಪುರ, ದೊಡ್ಡ ಬೋರ್ಡು ಎಂದುಕೊಂಡು ಹೋದವರು ಅದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಆ ಮೆಟ್ಟಿಲೇ ಮ್ಯೂಸಿಯಂ. ಕೆಳಗಿರುವುದು 1936ರಲ್ಲಿ ತೆರೆದು, ಜನ ಬಾರದೆ 1946ರಲ್ಲಿ ಮುಚ್ಚಿದ ಕೋರ್ಟ್ ಸ್ಟ್ರೀಟ್ ನಿಲ್ದಾಣ. 1976ರ ಜುಲೈ 4ರಂದು ಇಲ್ಲಿ ಹಳೆಯ ಬೋಗಿಗಳ ಪ್ರದರ್ಶನ ಶುರುವಾಯಿತು. ಹಳಿ ಇಂದಿಗೂ ಸಬ್‌ವೇ ಜಾಲಕ್ಕೆ ಸೇರಿಕೊಂಡಿದೆ, ರೈಲಿಗೆ ವಿದ್ಯುತ್ ಒದಗಿಸುವ ಮೂರನೇ ಹಳಿಯಲ್ಲಿ ಕರೆಂಟ್ ಹರಿಯುತ್ತಲೇ ಇದೆ. ಹಾಗಾಗಿ ಇಲ್ಲಿನ ಹಲವು ಬೋಗಿಗಳು ಆಗಾಗ ಹೊರಗೆ ಓಡಿ ಬರುತ್ತವೆ. ನೀವು ಹೋದ ದಿನ ಯಾವುದಾದರೂ ಒಂದು ಇಲ್ಲದಿದ್ದರೆ ಕಾರಣ ಇದೇ.

ಮೇಲಿನ ಹಂತದಲ್ಲಿ ಸುರಂಗ ಅಗೆದ ಕಥೆ, ಟೋಕನ್ನು, ಒಳಬಿಡುವ ತಿರುಗು ಗೇಟುಗಳಾದ ಟರ್ನ್‌ಸ್ಟೈಲುಗಳಿವೆ. ಚೆನ್ನಾಗಿವೆ, ಆದರೆ ಅರ್ಧ ಗಂಟೆ ಸಾಕು. ಉಳಿದ ಎರಡು ಗಂಟೆ ಕೆಳಗಿನ ಪ್ಲಾಟ್‌ಫಾರ್ಮಿಗೆ ಇಟ್ಟುಕೊಳ್ಳಿ. ಅಲ್ಲಿ ಎರಡೂ ಹಳಿಗಳ ಮೇಲೆ ಇಪ್ಪತ್ತರ ಆಸುಪಾಸಿನಷ್ಟು ಬೋಗಿಗಳು ನಿಂತಿವೆ. ಒಳಗೆ ಹೋಗಬಹುದು, ಕೂರಬಹುದು, ಆಯಾ ಕಾಲದ ಜಾಹೀರಾತುಗಳನ್ನು ಓದಬಹುದು.

ಸೀಟು, ಬಣ್ಣ, ದೀಪ ಎಲ್ಲ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ನೀವು ಎಣಿಸಬೇಕಾದ್ದು ಬಾಗಿಲು. ಬೋಗಿಯ ವಿನ್ಯಾಸ ಯಾಕೆ ಬದಲಾಯಿತು ಎನ್ನುವುದಕ್ಕೆ ಮುಕ್ಕಾಲು ಪಾಲು ಉತ್ತರ ಅಲ್ಲಿದೆ.

ಎತ್ತರದ ಕಂಬಗಳ ಮೇಲಿನ ಹಳಿಯಲ್ಲಿ ಓಡುತ್ತಿದ್ದ ಮರದ ಬೋಗಿಯಿಂದ ಶುರುಮಾಡಿ. ತೆರೆದ ಜಗಲಿಯಂಥ ಎರಡು ತುದಿಗಳು, ಅಲ್ಲಿ ಕಬ್ಬಿಣದ ಗೇಟು, ಗೇಟು ತೆರೆದು ಮುಚ್ಚಲು ಒಬ್ಬ ಆಳು. ನಡುವೆ ಕುಳಿತವನು ಇಳಿಯಬೇಕಾದರೆ ಅರ್ಧ ಬೋಗಿಯ ಜನರನ್ನು ತಳ್ಳಿಕೊಂಡು ಬರಬೇಕು. 1904ರಲ್ಲಿ ಸುರಂಗದ ರೈಲು ಬಂದಾಗಲೂ ಇದೇ ತಪ್ಪು ಮುಂದುವರಿಯಿತು: ಬಾಗಿಲು ತುದಿಗಳಲ್ಲಿ ಮಾತ್ರ. ನಿಲ್ದಾಣದಲ್ಲಿ ರೈಲು ನಿಂತೇ ಇರುವಂತಾಗಿ, 1909ರ ನಂತರ ಬೋಗಿಗಳ ಹೊಟ್ಟೆ ಕೊಯ್ದು ನಡುಬಾಗಿಲು ಕೂರಿಸಬೇಕಾಯಿತು.

ಪಾಠ ಕಲಿತದ್ದು 1914ರ 'ಬಿಎಂಟಿ ಸ್ಟ್ಯಾಂಡರ್ಡ್' ಬೋಗಿ; ಬಿಎಂಟಿ ಎಂದರೆ ಸಬ್‌ವೇ ಓಡಿಸುತ್ತಿದ್ದ ಕಂಪನಿಗಳಲ್ಲಿ ಒಂದು. ಉದ್ದ 67 ಅಡಿ, ಅಗಲ 10 ಅಡಿ, ಪ್ರತಿ ಪಕ್ಕಕ್ಕೆ ಮೂರು ಜೋಡಿ ಬಾಗಿಲು. ಸುರಂಗದ ರೈಲಿನ ಮೊದಲ ಕಂಪನಿಯಾದ ಐಆರ್‌ಟಿಯ ಸುರಂಗ ಇಕ್ಕಟ್ಟು. ಅದರ ಬೋಗಿ ಸುಮಾರು 51 ಅಡಿ ಉದ್ದ, 9 ಅಡಿಗೂ ಕಡಿಮೆ ಅಗಲ. ಈ ಎರಡು ಅಳತೆಗಳ ಜಗಳ ಇಂದಿಗೂ ಮುಗಿದಿಲ್ಲ. ನಂಬರ್ ಇರುವ ಮಾರ್ಗಗಳಲ್ಲಿ ಸಣ್ಣ ಬೋಗಿ, ಅಕ್ಷರ ಇರುವ ಮಾರ್ಗಗಳಲ್ಲಿ ದೊಡ್ಡದು. ಕೋರ್ಟ್ ಸ್ಟ್ರೀಟ್ ನಿಲ್ದಾಣವನ್ನು ದೊಡ್ಡ ಬೋಗಿಗೆ ಕಟ್ಟಿದ್ದರಿಂದ, ಸಣ್ಣ ಬೋಗಿ ಬಂದು ನಿಂತರೆ ಹೆಚ್ಚೂಕಡಿಮೆ ಒಂದು ಗೇಣಿನ ವ್ಯತ್ಯಾಸ ಉಳಿಯುತ್ತದೆ. ಹತ್ತುವಾಗ ಹೆಜ್ಜೆ ನೋಡಿ ಇಡಿ, ಮಕ್ಕಳಿದ್ದರೆ ಕೈಹಿಡಿದು ದಾಟಿಸಿ.

ಆಮೇಲೆ ಬೋಗಿ ನಂಬರ್ 100. ಇದು 1930ರಲ್ಲಿ ತಯಾರಾದ ಆರ್1. 'ಆರ್' ಮುಂದಿನ ಅಂಕಿ ಖರೀದಿ ಒಪ್ಪಂದದ ಸಂಖ್ಯೆ, ಇಂದಿನ ಆರ್211ರವರೆಗೂ ಅದೇ ಕ್ರಮ. 60 ಅಡಿಗೆ ಪಕ್ಕಕ್ಕೆ ನಾಲ್ಕು ಜೋಡಿ ಬಾಗಿಲು ಎಂಬ ಸೂತ್ರ ಇಲ್ಲಿ ಸಿದ್ಧವಾಯಿತು. ತೊಂಬತ್ತು ವರ್ಷ ದಾಟಿದರೂ ದೊಡ್ಡ ಬೋಗಿಗಳ ವಿಷಯದಲ್ಲಿ ನ್ಯೂಯಾರ್ಕ್ ತಿರುಗಿ ತಿರುಗಿ ಇಲ್ಲಿಗೇ ಬಂದಿದೆ. ಒಳಗೆ ಬೆತ್ತದ ಸೀಟು, ಚಾವಣಿಯಲ್ಲಿ ನಮ್ಮ ಮನೆಗಳಲ್ಲಿ ತಿರುಗುವಂಥ ಫ್ಯಾನು, ಬರಿಯ ಬಲ್ಬು. ಬಲ್ಬಿನ ಹತ್ತಿರ ಸ್ವಲ್ಪ ನಿಲ್ಲಿ. ಮೂರನೇ ಹಳಿಯ 600 ವೋಲ್ಟನ್ನು ಹಾಗೇ ಬಳಸಲು 120 ವೋಲ್ಟಿನ ಐದೈದು ಬಲ್ಬುಗಳನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದ್ದಾರೆ. ಒಂದು ಸುಟ್ಟರೆ ಐದೂ ಕತ್ತಲೆ. ಸಾಲದ್ದಕ್ಕೆ ಬಲ್ಬಿನ ತಿರುಪು ಎಡಕ್ಕೆ ತಿರುಗುವಂಥದು, ಕದ್ದು ಮನೆಗೆ ಒಯ್ದರೆ ಹೋಲ್ಡರಿಗೆ ಕೂರುವುದಿಲ್ಲ. ಕಳ್ಳತನಕ್ಕೆ ಇಷ್ಟು ಅಗ್ಗದ ಮದ್ದು ಬೇರೆಲ್ಲೂ ಕಂಡಿಲ್ಲ.

ಹೆಚ್ಚು ಜನ ಫೋಟೊ ತೆಗೆಸಿಕೊಳ್ಳುವುದು ಆರ್11ರ ಮುಂದೆ. 1949ರಲ್ಲಿ ಬಡ್ ಕಂಪನಿ ಮಾಡಿದ ಸ್ಟೇನ್‌ಲೆಸ್ ಸ್ಟೀಲ್ ಬೋಗಿ, ಬಾಗಿಲಿಗೆ ಹಡಗಿನಂಥ ದುಂಡು ಕಿಟಕಿ, ಗಾಳಿಯ ಧೂಳು ಹಿಡಿಯುವ ವಿದ್ಯುತ್ ಶೋಧಕ, ಕ್ರಿಮಿ ಕೊಲ್ಲಲು ಅಲ್ಟ್ರಾವಯಲೆಟ್ ದೀಪ. ಒಂದಕ್ಕೆ ಸುಮಾರು ಒಂದು ಲಕ್ಷ ಡಾಲರ್, ಒಟ್ಟು ಹತ್ತು, ಅದಕ್ಕೇ 'ಮಿಲಿಯನ್ ಡಾಲರ್ ರೈಲು' ಎಂಬ ಅಡ್ಡಹೆಸರು. ಸೆಕೆಂಡ್ ಅವೆನ್ಯೂ ಮಾರ್ಗಕ್ಕೆಂದು ತಂದರು. ಆ ಮಾರ್ಗದ ಮೊದಲ ತುಂಡು ತೆರೆದದ್ದು 2017ರಲ್ಲಿ, ಈ ಬೋಗಿಗಳು ಸೇವೆ ಮುಗಿಸಿ ನಲವತ್ತು ವರ್ಷವಾದ ಮೇಲೆ. ಬೋಗಿ ಚಂದವೇ. ಆದರೆ ಹತ್ತೇ ಹತ್ತು ಇರುವ ಮಾದರಿಗೆ ಬಿಡಿಭಾಗ ಹೊಂದಿಸುವುದು ಯಾವ ಡಿಪೋಗಾದರೂ ತಲೆನೋವೇ.

1964ರ ವಿಶ್ವ ಮೇಳಕ್ಕೆಂದು ತಿಳಿನೀಲಿ, ಬಿಳಿ ಬಳಿದುಕೊಂಡು ಬಂದ ಆರ್33 ಒಂಟಿ ಬೋಗಿಯನ್ನೂ ಬಿಡಬೇಡಿ. ಜತೆಯ ಬೋಗಿಗಳಿಗೆಲ್ಲ ಮುಂದೆ ಎಸಿ ಬಂತು, ಈ ಒಂಟಿ ಬೋಗಿಗಳಿಗೆ ಕೊನೆಯವರೆಗೂ ಬರಲಿಲ್ಲ. ಗೋಡೆಬರಹದ ಹಾವಳಿ ತಡೆಯಲು 1980ರ ದಶಕದಲ್ಲಿ ಇವಕ್ಕೆಲ್ಲ ಗಾಢ ಕೆಂಪು ಬಳಿದರು, 'ರೆಡ್‌ಬರ್ಡ್' ಹೆಸರು ಬಂದದ್ದು ಹಾಗೆ. 2003ರಲ್ಲಿ ಓಟ ನಿಂತಿತು. ನೂರಾರು ರೆಡ್‌ಬರ್ಡ್‌ಗಳು ಈಗ ಅಟ್ಲಾಂಟಿಕ್ ತಳದಲ್ಲಿ ಮೀನುಗಳಿಗೆ ಮನೆಯಾಗಿವೆ.

ಟ್ರಿಪ್ಲೆಕ್ಸ್ ಎಂಬ ಬೋಗಿ ಆ ದಿನ ನಿಂತಿದ್ದರೆ ಅದಕ್ಕೆ ಹತ್ತು ನಿಮಿಷ ಹೆಚ್ಚಿಗೆ ಕೊಡಿ. 1925ರಿಂದ 1928ರ ನಡುವೆ ಬಂದದ್ದು. ಮೂರು ಭಾಗಗಳು ನಾಲ್ಕೇ ಚಕ್ರಗಾಡಿಗಳ ಮೇಲೆ ಕೂತಿವೆ, ಒಂದು ಭಾಗದಿಂದ ಇನ್ನೊಂದಕ್ಕೆ ಒಳಗಿಂದಲೇ ನಡೆದು ಹೋಗಬಹುದು. ಇಂಥದೇ ತೆರೆದ ದಾರಿ ಇರುವ ಆರ್211ಟಿ 2024ರ ಫೆಬ್ರವರಿಯಲ್ಲಿ ಸಿ ಮಾರ್ಗಕ್ಕೆ ಬಂದಾಗ ಹೊಸ ಅದ್ಭುತ ಎಂಬಂತೆ ಸುದ್ದಿಯಾಯಿತು. ನಮ್ಮ ಮೆಟ್ರೊ 2011ರಲ್ಲಿ ಬೈಯಪ್ಪನಹಳ್ಳಿಯಿಂದ ಹೊರಟ ಮೊದಲ ದಿನದಿಂದಲೂ ಹೀಗೆ ನಡೆದು ಹೋಗುತ್ತಿರುವವರಿಗೆ ಆ ಸಂಭ್ರಮ ಸ್ವಲ್ಪ ತಮಾಷೆಯಾಗಿ ಕಾಣಬಹುದು.

ಮ್ಯೂಸಿಯಂನ ದೊಡ್ಡ ಕೊರತೆ ಈಗ ಹೇಳಬೇಕು. ಬೋಗಿಗಳ ಸಾಲು ಹೆಚ್ಚುಕಡಿಮೆ 1960ರ ದಶಕಕ್ಕೇ ನಿಲ್ಲುತ್ತದೆ. ವಿನ್ಯಾಸದಲ್ಲಿ ಎಡವಿದ ಕಥೆಗಳಲ್ಲಿ ಸ್ವಾರಸ್ಯ ಹೆಚ್ಚಿರುವುದೇ ಆನಂತರ. 1968ರ ಆರ್40ಕ್ಕೆ ಹೆಸರಾಂತ ವಿನ್ಯಾಸಕಾರ ರೇಮಂಡ್ ಲೋವಿ ಮೂಗನ್ನು ಹತ್ತು ಡಿಗ್ರಿ ಓರೆ ಮಾಡಿಕೊಟ್ಟರು. ನೋಡಲು ಸೊಗಸು, ಆದರೆ ಎರಡು ಓರೆ ಮೂಗುಗಳು ಎದುರುಬದುರಾದಾಗ ನಡುವೆ ಅಪಾಯಕಾರಿ ಸಂದು ಬಿತ್ತು. ಹಿಡಿಕೆ, ಗೇಟುಗಳ ತೇಪೆ ಹಾಕಿ, ಕೊನೆಯ ಕಂತನ್ನು ನೆಟ್ಟಗಿನ ಮುಖದಲ್ಲೇ ಮಾಡಿಸಿದರು. 1970ರ ದಶಕದ ಆರ್44, ಆರ್46ಗಳದು ಇನ್ನೂ ದೊಡ್ಡ ತಪ್ಪು. ಬೋಗಿಯನ್ನು 75 ಅಡಿಗೆ ಎಳೆದರು, ಬಾಗಿಲು ನಾಲ್ಕೇ ಉಳಿಯಿತು. 600 ಅಡಿಯ ರೈಲಿಗೆ 60 ಅಡಿಯವು ಹತ್ತು ಹಿಡಿಸುತ್ತವೆ, 75 ಅಡಿಯವು ಎಂಟು. ಅಂದರೆ ಪಕ್ಕಕ್ಕೆ 40 ಬಾಗಿಲಿದ್ದಲ್ಲಿ 32. ಕೊಳ್ಳುವಾಗ ಎರಡು ಬೋಗಿ ಉಳಿಯಿತು, ಪ್ರತಿ ನಿಲ್ದಾಣದಲ್ಲೂ ಇಳಿಯುವ ಹತ್ತುವ ಸಮಯ ಬೆಳೆಯಿತು. ತಿರುವಿನಲ್ಲಿ ಉದ್ದ ಬೋಗಿಯ ತುದಿ ಹೆಚ್ಚು ಹೊರಳುವುದರಿಂದ ಬೋಗಿಗಳ ನಡುವಿನ ಬಾಗಿಲಿಗೆ ಬೀಗ ಬಿತ್ತು, ಕೆಲವು ಮಾರ್ಗಗಳಿಗೆ ಇವು ಹೋಗುವಂತೆಯೇ ಇಲ್ಲ. ಆರ್211 ಮತ್ತೆ 60 ಅಡಿ, ನಾಲ್ಕು ಬಾಗಿಲು. ಆರ್1ರ ಸೂತ್ರವೇ, ಬಾಗಿಲಿನ ಅಗಲ ಮಾತ್ರ ಈಚಿನ ಬೋಗಿಗಳ 50 ಇಂಚಿನಿಂದ 58ಕ್ಕೆ ಏರಿದೆ.

ಇನ್ನೊಂದು ಸಣ್ಣ ದೂರು: ನಿಂತ ಬೋಗಿ ಮೂಕ. ಆರ್1 ಹೊರಡುವಾಗ ಗೇರು ನರಳುತ್ತ ಏರುವ ದನಿ ಇಲ್ಲಿ ಕೇಳುವುದಿಲ್ಲ. ಅದು ಬೇಕಿದ್ದರೆ ಡಿಸೆಂಬರಿನಲ್ಲಿ ಹಳೆಯ ರೈಲು ಓಡಿಸುವ ದಿನ ನೋಡಿಕೊಂಡು ಹೋಗಿ. ಮಾಮೂಲಿ ಸಬ್‌ವೇ ದರವೇ, ಬೇರೆ ಟಿಕೆಟ್ ಇಲ್ಲ.

ಮ್ಯೂಸಿಯಂ ವಾರವಿಡೀ ತೆರೆದಿರುವುದಿಲ್ಲ, ಸೋಮವಾರ ಹೋಗಲೇಬೇಡಿ. ಮಕ್ಕಳ ಮನೆಗೆಂದು ನ್ಯೂಜೆರ್ಸಿಗೆ ಬಂದ ಹಿರಿಯರನ್ನು ಕರೆದೊಯ್ಯುವುದಾದರೆ ಮೆಟ್ಟಿಲು ಇಳಿಯಬೇಕೆಂದು ಮೊದಲೇ ಹೇಳಿ. ಮರಳುವಾಗ ಹತ್ತಿರದ ಜೇ ಸ್ಟ್ರೀಟ್ ಮೆಟ್ರೊಟೆಕ್‌ಗೆ ನಡೆದು ಎ ರೈಲಿಗೆ ಕಾಯಿರಿ. ಮ್ಯೂಸಿಯಂ ಬಿಟ್ಟ ಅಧ್ಯಾಯ ಆ ಮಾರ್ಗದಲ್ಲಿ ಓಡುತ್ತದೆ. ಆರ್211 ಬಂದರೆ ಬಿಟ್ಟುಕೊಡಿ, ಅದು ಇನ್ನೂ ಹಲವು ದಶಕ ಸಿಗುತ್ತದೆ. ಆರ್46 ಬಂದರೆ ಹತ್ತಿ, ಅವನ್ನು ಒಂದೊಂದಾಗಿ ಗುಜರಿಗೆ ಕಳಿಸುತ್ತಿದ್ದಾರೆ.