ವರಸೆ ಹಿಡಿಯೋದಾ, ತಲೆಮಾರು ಎಣಿಸೋದಾ?

ಸಕಲೇಶಪುರದ ಮದುವೆ ಮನೆಯಲ್ಲಿ ದೂರದ ನೆಂಟರನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಗೆ ದಾರಿ ಎರಡು.

ತಲೆಮಾರು ಲೆಕ್ಕ: ಇಬ್ಬರಿಂದಲೂ ಸಮಾನ ಹಿರಿಯರವರೆಗೆ ಮೆಟ್ಟಿಲು ಎಣಿಸಿ. ಅಪ್ಪ 1, ಅಜ್ಜ 2, ಮುತ್ತಜ್ಜ 3. ಇಬ್ಬರಿಗೂ 3 ಬಂದರೆ ಒಂದೇ ಸಾಲಿನವರು. ನಿಮಗೆ 3, ಅವರಿಗೆ 2 ಬಂದರೆ ಅವರು ನಿಮ್ಮ ಅಪ್ಪನ ಸಾಲು. ಆದರೆ ಚಿಕ್ಕಪ್ಪನೋ ಮಾವನೋ ಎಂದು ಈ ಲೆಕ್ಕ ಹೇಳದು.

ಅದನ್ನು ಹೇಳುವುದು ವರಸೆ. 'ನಮ್ಮಪ್ಪ ನಿಮ್ಮಮ್ಮನನ್ನು ಏನಂತಾರೆ?' ಎಂದು ಕೇಳಿ. 'ಅಕ್ಕ' ಅಂದರೆ ಆಕೆ ನಿಮಗೆ ಅತ್ತೆ, ಮಗ ಭಾವ ಅಥವಾ ಮೈದುನ. ಅದೇ ನಿಮ್ಮಮ್ಮ ಆಕೆಯನ್ನು 'ಅಕ್ಕ' ಅಂದರೆ ದೊಡ್ಡಮ್ಮ, ಮಗ ಅಣ್ಣ ಅಥವಾ ತಮ್ಮ. ಹೆಣ್ಣು-ಗಂಡು ನೋಡುವ ಮಾತುಕತೆಗೆ ಇದೇ ಬೇಕು.

ವರಸೆ ಕೈಕೊಡುವುದು ಸೋದರಮಾವನನ್ನು ಮದುವೆಯಾದ ಮನೆಗಳಲ್ಲಿ. ಅಲ್ಲಿ ಮಗುವಿಗೆ ಅಮ್ಮನ ಅಮ್ಮ ಅಜ್ಜಿಯೂ ಹೌದು, ಅಪ್ಪನ ಅಕ್ಕನಾದ್ದರಿಂದ ಅತ್ತೆಯೂ ಹೌದು. ಎರಡೂ ಸರಿ; ಕರೆಯುವುದು ಅಜ್ಜಿ ಅಂತಲೇ.

ಆಸ್ತಿ ವಿಷಯವಾದರೆ ನಾಡಕಚೇರಿಯ ವಂಶವೃಕ್ಷವೇ ಬೇಕು, ಬಾಯಿಮಾತು ನಡೆಯದು. ಹಳೆಯ ಪಹಣಿ ನೋಡುವಾಗ ಎಚ್ಚರ: ಖಾತೆ ಗಂಡುಮಕ್ಕಳ ಹೆಸರಿಗೇ ಹೋಗಿ, ಹೆಣ್ಣುಮಕ್ಕಳ ಕವಲೇ ಕಾಣದಿರಬಹುದು. ಅಜ್ಜನ ಹೆಸರನ್ನೇ ಮೊಮ್ಮಗನಿಗಿಟ್ಟು ಇಬ್ಬರು ಒಬ್ಬರಾಗಿಬಿಡುವುದೂ ಉಂಟು. ಪಕ್ಕದಲ್ಲಿ ಹೆಂಡತಿಯ ಹೆಸರು, ಅವಳ ತವರೂರು ಬರೆದರೆ ಬಿಡಿಸಬಹುದು.

ಮೊದಲು ತಲೆಮಾರು ಬರೆದುಕೊಳ್ಳಿ, ಆಮೇಲೆ ಹಿರಿಯ ಹೆಂಗಸೊಬ್ಬರ ಮುಂದಿಟ್ಟು ವರಸೆ ಕೇಳಿ. ಗಂಡಸರಿಗೆ ತವರಿನ ಕವಲು ಅಷ್ಟಾಗಿ ನೆನಪಿರುವುದಿಲ್ಲ.