‘ಪರೀಕ್ಷಿಸಲಾಗಿದೆ’ ಎಂಬ ಚೀಟಿ ನಂಬಿ ಹಳೆಯ ಗೇಮ್ ಯಂತ್ರ ಕೊಳ್ಳಬೇಡಿ

ಅಮೆರಿಕದ ತ್ರಿಫ್ಟ್ ಸ್ಟೋರ್‌ಗಳಲ್ಲಿ, ಅಂದರೆ ಜನ ದಾನವಾಗಿ ಕೊಟ್ಟ ಹಳೆಯ ಸಾಮಾನು ಮಾರುವ ಅಂಗಡಿಗಳಲ್ಲಿ, ಅಪರೂಪದ ವಿಡಿಯೊ ಗೇಮ್ ಯಂತ್ರಗಳನ್ನು ಹುಡುಕುವ ಹವ್ಯಾಸವಿದ್ದವರು ಮುಂದಿನ ಸಲ ಪರ್ಸ್ ತೆಗೆಯುವ ಮೊದಲು ಇದನ್ನು ಓದಿ. ಗಾಜಿನ ಕಪಾಟಿನಲ್ಲಿ, ಸುತ್ತಲೂ ಟೇಪ್ ಬಿಗಿದ ಪೆಟ್ಟಿಗೆಯ ಮೇಲೆ ‘ಪರೀಕ್ಷಿಸಲಾಗಿದೆ, ಕೆಲಸ ಮಾಡುತ್ತದೆ’ ಎಂಬ ಚೀಟಿ ಕಂಡರೆ, ಆ ಚೀಟಿ ಇಲ್ಲವೇ ಇಲ್ಲ ಎಂದುಕೊಂಡು ವ್ಯವಹರಿಸಿ. ಅಂಥ ಚೀಟಿ ಅಂಟಿಸಿ ನನಗೆ ಮಾರಿದ್ದು ಒಂದು ವರ್ಚುವಲ್ ಬಾಯ್.

ಹೆಸರು ಕೇಳದವರಿಗೆ ಎರಡು ಮಾತು. ನಿಂಟೆಂಡೊ ಕಂಪನಿ ಇದನ್ನು 1995ರ ಜುಲೈನಲ್ಲಿ ಜಪಾನಿನಲ್ಲಿ, ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಗೇಮ್ ಬಾಯ್ ರೂಪಿಸಿದ ಗುನ್‌ಪೇ ಯೊಕೊಯಿ ಅವರೇ ಇದನ್ನೂ ರೂಪಿಸಿದವರು. ಇದಕ್ಕೆ ಟಿವಿ ಬೇಡ. ಮೇಜಿನ ಮೇಲೆ ಸ್ಟ್ಯಾಂಡ್‌ಗೆ ಸಿಕ್ಕಿಸಿ ನಿಲ್ಲಿಸಿದ ಕೆಂಪು-ಕಪ್ಪು ಗೂಡಿಗೆ ಮುಖವೊಡ್ಡಿ ಆಡಬೇಕು. ಒಳಗೆ ಪ್ರತಿ ಕಣ್ಣಿಗೂ 224 ಕೆಂಪು ಎಲ್‌ಇಡಿಗಳ ಒಂದೇ ಒಂದು ಸಾಲು. ಅದರೆದುರು ಪುಟ್ಟ ಕನ್ನಡಿಯೊಂದು ಅತಿವೇಗವಾಗಿ ಓಲಾಡುತ್ತ ಆ ಒಂದು ಸಾಲನ್ನೇ ಇಡೀ ಚಿತ್ರವಾಗಿ ಹರಡುತ್ತದೆ. ಇಂಥ ಕೌಶಲ ಇನ್ನಾವ ಯಂತ್ರದಲ್ಲೂ ನನಗೆ ಕಂಡಿಲ್ಲ. ಆದರೆ ಕೊಳ್ಳುವವರು ಒಪ್ಪಲಿಲ್ಲ. ಒಟ್ಟು 22 ಗೇಮ್‌ಗಳು ಬಂದವು, ಅದರಲ್ಲಿ ಅಮೆರಿಕ ಕಂಡದ್ದು 14. ವರ್ಷ ತುಂಬುವ ಮೊದಲೇ ಕಂಪನಿ ಕೈಬಿಟ್ಟಿತು. ಹಾಗೆ ಸೋತದ್ದರಿಂದಲೇ ಇಂದು ಅದಕ್ಕೆ ಇಷ್ಟು ಬೇಡಿಕೆ.

ಪೆನ್ಸಿಲ್ವೇನಿಯಾದ ಒಂದು ಅಂಗಡಿಯಲ್ಲಿ ಅದು ಸಿಕ್ಕಿತು. ಬೆಲೆ ಇನ್ನೂರು ಡಾಲರ್‌ಗೂ ಮೇಲೆ. ಪಕ್ಕದಲ್ಲಿಯೇ ಆನ್‌ಲೈನ್ ಮಾರಾಟದ ಪುಟವೊಂದರ ಮುದ್ರಿತ ಪ್ರತಿಯನ್ನು ಪಿನ್ ಮಾಡಿ, ‘ಹೊರಗೆ ಇದಕ್ಕಿಂತ ಹೆಚ್ಚು’ ಎಂದು ಬರೆದಿದ್ದರು. ಆ ಪುಟದಲ್ಲಿದ್ದದ್ದು ಯಾರೋ ಕೇಳುತ್ತಿದ್ದ ಬೆಲೆ, ಮಾರಾಟವಾದ ಬೆಲೆಯಲ್ಲ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಈ ಮುದ್ರಿತ ಪುಟದ ಉಪಾಯವನ್ನು ಈಗ ಬಹಳ ಕಡೆ ನೋಡುತ್ತಿದ್ದೇನೆ. ನಿಮಗೂ ತೋರಿಸಿದರೆ, ಅಲ್ಲಿಯೇ ಮೊಬೈಲ್ ತೆಗೆದು ‘ಮಾರಾಟವಾದವು’ ಎಂಬ ಪಟ್ಟಿಯನ್ನು ಆರಿಸಿ ನೋಡಿ.

ಟೇಪ್ ಬಿಚ್ಚಿ ತೋರಿಸಿ ಎಂದು ಕೇಳಿದೆ. ಬಿಡಿಭಾಗಗಳು ಕಳುವಾಗುತ್ತವೆ, ಹಣ ಕಟ್ಟಿದ ಮೇಲೆಯೇ ಬಿಚ್ಚುವುದು ನಮ್ಮ ನಿಯಮ, ಹಿಂದಿನ ಕೋಣೆಯಲ್ಲಿ ಪ್ರತಿಯೊಂದನ್ನೂ ಚಾಲೂ ಮಾಡಿ ನೋಡಿಯೇ ಚೀಟಿ ಅಂಟಿಸುತ್ತೇವೆ ಎಂದರು. ಮುಖ ನೋಡಿ ಹೇಳಿದ ಮಾತು ಅದು. ಹಣ ಕಟ್ಟಿ ತಂದೆ.

ಮನೆಯಲ್ಲಿ ಪೆಟ್ಟಿಗೆ ತೆರೆದರೆ ಯಂತ್ರವಿತ್ತು, ಸ್ಟ್ಯಾಂಡ್ ಇತ್ತು, ಕಂಟ್ರೋಲರ್ ಇತ್ತು. ಬ್ಯಾಟರಿ ಡಬ್ಬಿ ಇರಲಿಲ್ಲ. ವರ್ಚುವಲ್ ಬಾಯ್‌ನಲ್ಲಿ ಇದು ಸಣ್ಣ ಕೊರತೆಯಲ್ಲ. ಈ ಯಂತ್ರಕ್ಕೆ ವಿದ್ಯುತ್ ಹರಿಯುವುದೇ ಕಂಟ್ರೋಲರ್ ಮೂಲಕ. ಕಂಟ್ರೋಲರ್‌ನ ಬೆನ್ನಿಗೆ ಆರು ಪೆನ್ಸಿಲ್ ಸೆಲ್‌ಗಳ ಡಬ್ಬಿಯೊಂದು ಕೂರುತ್ತದೆ. ಇಲ್ಲವೇ ಅದೇ ಜಾಗದಲ್ಲಿ ಅಡಾಪ್ಟರ್ ಜೋಡಿಸುವ ಇನ್ನೊಂದು ತುಂಡು ಕೂರಬೇಕು. ಸ್ವಿಚ್ ಇರುವುದೂ ಕಂಟ್ರೋಲರ್‌ನಲ್ಲಿಯೇ. ಎರಡರಲ್ಲಿ ಒಂದು ತುಂಡೂ ಇಲ್ಲದಿದ್ದರೆ ಯಂತ್ರವನ್ನು ಚಾಲೂ ಮಾಡುವ ದಾರಿಯೇ ಇಲ್ಲ. ಟಿವಿಗೆ ಜೋಡಿಸಿ ನೋಡಿದೆವು ಎನ್ನೋಣವೆಂದರೆ ಇದಕ್ಕೆ ಟಿವಿಯ ತಂತಿಯೂ ಇಲ್ಲ. ಪರೀಕ್ಷೆ ಮಾಡಿದ ಮೇಲೆ ಡಬ್ಬಿ ಕಳೆದುಹೋಗಿರಬಹುದೇ ಎಂದು ಕಂಟ್ರೋಲರ್ ತಿರುಗಿಸಿ ದೀಪದ ಕೆಳಗೆ ಹಿಡಿದೆ. ಡಬ್ಬಿ ಬಂದು ತಾಗಬೇಕಾದ ಲೋಹದ ತುದಿಗಳ ಮೇಲೆ ಹಸಿರು ಕಿಲುಬು ದಪ್ಪಗೆ ಕಟ್ಟಿತ್ತು. ಎಲ್ಲಿಯೂ ಒಂದು ಗೀರು ಬಿದ್ದಿರಲಿಲ್ಲ. ಡಬ್ಬಿಯನ್ನು ಒಮ್ಮೆ ಸಿಕ್ಕಿಸಿ ತೆಗೆದಿದ್ದರೂ ಆ ಕಿಲುಬು ಕೆರೆದುಹೋಗಿರುತ್ತಿತ್ತು. ವರ್ಷಗಳಿಂದ ಆ ಯಂತ್ರಕ್ಕೆ ಯಾರೂ ವಿದ್ಯುತ್ ಕೊಟ್ಟಿರಲಿಲ್ಲ. ಪರೀಕ್ಷಿಸಲು ಸಾಧ್ಯವೇ ಇಲ್ಲದ ವಸ್ತುವಿನ ಮೇಲೆ ‘ಪರೀಕ್ಷಿಸಲಾಗಿದೆ’ ಎಂದು ಅಂಟಿಸಿದ್ದರು.

ಇದನ್ನೇ ಅಂಗಡಿಗೆ ಹೋಗಿ, ಕಂಟ್ರೋಲರ್ ಮುಂದಿಟ್ಟು ವಿವರಿಸಿದೆ. ಮ್ಯಾನೇಜರ್ ರಸೀದಿಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು: ಮಾರಿದ ಸಾಮಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಈ ಚೀಟಿ ಏಕೆ ಎಂದರೆ, ಅದನ್ನು ಅಂಟಿಸುವುದು ಸ್ವಯಂಸೇವಕರು, ಅದು ಖಾತರಿಯಲ್ಲ ಎಂಬ ಉತ್ತರ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಮಾತು ಹುಟ್ಟಿದ್ದೇ ಇಂಥ ಕಡೆ ಇರಬೇಕು. ನನಗೆ ಹಣ ಹೋದದ್ದಕ್ಕಿಂತ ಹೆಚ್ಚು ನೋವಾದದ್ದು ಬೇರೆ ಕಾರಣಕ್ಕೆ. ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದ ಉಚಿತವಾಗಿ ಕೊಟ್ಟ ವಸ್ತು ಅದು. ಅದರ ಮೇಲೆ ಸುಳ್ಳು ಬರೆದು ಮಾರುವುದು ಕೊಟ್ಟವರಿಗೂ ಮಾಡುವ ಅನ್ಯಾಯ.

ಮುಂದೆ ಬ್ಯಾಟರಿ ಡಬ್ಬಿಯನ್ನು ಸಂಗ್ರಾಹಕರೊಬ್ಬರಿಂದ ಬೇರೆಯಾಗಿ ಕೊಂಡು, ಕಿಲುಬು ಒರೆಸಿ ಚಾಲೂ ಮಾಡಿದೆ. ಎಡಗಣ್ಣಿಗೆ ಚಿತ್ರ ಸರಿಯಾಗಿ ಕಂಡಿತು. ಬಲಗಣ್ಣಿಗೆ ಚಿತ್ರದ ನಡುನಡುವೆ ಅಡ್ಡಡ್ಡವಾಗಿ ಕಪ್ಪು ಪಟ್ಟಿಗಳು. ಇದು ಈ ಯಂತ್ರದ ಹೆಸರಾಂತ ಕಾಯಿಲೆ. ಎಲ್‌ಇಡಿ ಫಲಕಕ್ಕೆ ಹೋಗುವ ಚಪ್ಪಟೆ ಕೇಬಲ್ಲನ್ನು ಬೆಸುಗೆ ಹಾಕದೆ ಅಂಟಿನಿಂದ ಕೂರಿಸಿದ್ದಾರೆ. ಕಾಲ ಕಳೆದಂತೆ ಅಂಟು ಬಿಡುತ್ತದೆ. ಸಂಪರ್ಕ ತಪ್ಪಿದ ಒಂದೊಂದು ಎಲ್‌ಇಡಿಗೂ ಚಿತ್ರದಲ್ಲಿ ಒಂದೊಂದು ಅಡ್ಡಗೆರೆ ಅಳಿಸಿಹೋಗುತ್ತದೆ. ಒಲೆಯ ಶಾಖ ಕೊಟ್ಟು ಅಂಟನ್ನು ಮತ್ತೆ ಕೂರಿಸುವವರಿದ್ದಾರೆ, ಅದು ಬಾಳಿಕೆ ಬರುವುದಿಲ್ಲ. ಕೇಬಲ್ಲಿನ ಹೊದಿಕೆ ಕೆರೆದು ಒಂದೊಂದೇ ಎಳೆಯನ್ನು ಬೆಸೆಯುವುದೇ ಸರಿಯಾದ ದುರಸ್ತಿ. ಆ ಸೂಕ್ಷ್ಮ ಕೆಲಸ ಮಾಡುವವರು ಕಡಿಮೆ, ಕೂಲಿ ಹೆಚ್ಚು. ಎಲ್ಲವನ್ನೂ ಸೇರಿಸಿದರೆ, ದುರಸ್ತಿ ಮಾಡಿ ಖಾತರಿ ಕೊಟ್ಟು ಮಾರುವ ಹಳೆಯ ಗೇಮ್ ವ್ಯಾಪಾರಿಗಳ ಬೆಲೆಯನ್ನೂ ಮೀರಿತು.

ಇಷ್ಟಾದರೂ ಜನ ಇಂಥ ಅಂಗಡಿಗಳಿಗೆ ನುಗ್ಗುವುದೇಕೆ ಎಂಬುದು ನನಗೆ ಅರ್ಥವಾಗುತ್ತದೆ. 2013ರಲ್ಲಿ ನಾರ್ತ್ ಕೆರೊಲಿನಾದ ಮಹಿಳೆಯೊಬ್ಬರಿಗೆ ತ್ರಿಫ್ಟ್ ಸ್ಟೋರ್‌ನಲ್ಲಿ ಎಂಟು ಡಾಲರ್‌ಗೆ ಸಿಕ್ಕ ‘ಸ್ಟೇಡಿಯಂ ಈವೆಂಟ್ಸ್’ ಎಂಬ ಅಪರೂಪದ ಗೇಮಿನ ಕಾರ್ಟ್ರಿಡ್ಜ್ (ಗೇಮ್ ತುಂಬಿದ, ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಡಬ್ಬಿ) ಸಾವಿರಾರು ಡಾಲರ್ ತಂದುಕೊಟ್ಟಿತು. ನಿಂಟೆಂಡೊ ಮತ್ತು ಸೋನಿ ಸೇರಿ ಮಾಡಲು ಹೊರಟು ಕೈಬಿಟ್ಟ ಯಂತ್ರದ ಮಾದರಿಯೊಂದು ದಿವಾಳಿ ಕಂಪನಿಯ ಸಾಮಾನಿನ ಹರಾಜಿನಲ್ಲಿ ಯಾರ ಗಮನಕ್ಕೂ ಬಾರದೆ ಕೈ ಬದಲಾಯಿಸಿ, 2020ರಲ್ಲಿ 3,60,000 ಡಾಲರ್‌ಗೆ ಮಾರಾಟವಾಯಿತು. ಇವೆರಡೂ ನಡೆದ ಸಂಗತಿಗಳೇ. ಆದರೆ ಈ ಸುದ್ದಿಗಳನ್ನು ಅಂಗಡಿಯವರೂ ಓದಿದ್ದಾರೆ. ಬೆಲೆಬಾಳುವಂತೆ ಕಂಡದ್ದೆಲ್ಲ ಈಗ ಆನ್‌ಲೈನ್ ಹರಾಜಿಗೋ ಗಾಜಿನ ಕಪಾಟಿಗೋ ಹೋಗುತ್ತದೆ.

ಕಪಾಟಿಗೆ ಬಂದ ಬೇರೆ ಯಂತ್ರಗಳಲ್ಲೂ ಮೋಸದ ಜಾಗಗಳಿವೆ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಅಡಾಪ್ಟರ್. ತೂತಿಗೆ ಕೂರುವ ಯಾವುದೋ ಒಂದು ಅಡಾಪ್ಟರನ್ನು ಚೀಲಕ್ಕೆ ತುರುಕಿ ‘ಸಂಪೂರ್ಣ ಸೆಟ್’ ಎಂದು ಮಾರುತ್ತಾರೆ. ನಿಂಟೆಂಡೊದ ಎನ್‌ಇಎಸ್ ಯಂತ್ರದ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಸೆಗಾ ಕಂಪನಿಯ ಜೆನೆಸಿಸ್ ಯಂತ್ರದ ಮೊದಲ ಮಾದರಿಗೂ, ಎನ್‌ಇಎಸ್‌ನ ಜಪಾನಿ ರೂಪವಾದ ಫ್ಯಾಮಿಕಾಮ್‌ಗೂ ಬೇಕಾದದ್ದು ಡಿಸಿ. ಪಿನ್ ಮಾತ್ರ ಎಲ್ಲದಕ್ಕೂ ಸಲೀಸಾಗಿ ಕೂರುತ್ತದೆ. ಎನ್‌ಇಎಸ್‌ನೊಳಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇರುವುದರಿಂದ ಜೆನೆಸಿಸ್ ಅಡಾಪ್ಟರ್ ಹಾಕಿದರೂ ಅದು ಬದುಕುತ್ತದೆ. ಅದಲುಬದಲಾದರೆ, ಅಂದರೆ ಎನ್‌ಇಎಸ್ ಅಡಾಪ್ಟರನ್ನು ಫ್ಯಾಮಿಕಾಮ್‌ಗೋ ಜೆನೆಸಿಸ್‌ಗೋ ಚುಚ್ಚಿದರೆ, ಯಂತ್ರ ಸುಟ್ಟುಹೋಗಬಹುದು. ಅಂಗಡಿಯ ಹಿಂದಿನ ಕೋಣೆಯ ‘ಪರೀಕ್ಷೆ’ಯಲ್ಲೇ ಸುಟ್ಟ ಯಂತ್ರಗಳೂ ಕಪಾಟಿಗೆ ಬರುತ್ತವೆ ಎಂಬ ಅನುಮಾನ ನನಗೆ ಬಲವಾಗಿದೆ. ಅಡಾಪ್ಟರ್ ಮೇಲಿನ ಸಣ್ಣಕ್ಷರಗಳನ್ನು ಮೊಬೈಲ್ ದೀಪದಲ್ಲಿ ಓದದೆ ಯಾವುದನ್ನೂ ಚುಚ್ಚಬೇಡಿ, ಚುಚ್ಚಲು ಬಿಡಲೂ ಬೇಡಿ.

ಕೈಯಲ್ಲಿ ಹಿಡಿದು ಆಡುವ ಸೆಗಾ ಗೇಮ್ ಗಿಯರ್ ಸಿಕ್ಕರೆ ಅದರ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ ಹಿಡಿದಿಡುವ ಪುಟ್ಟ ಬಿಡಿಭಾಗಗಳು, ಸೋರಿವೆ ಎಂದೇ ಲೆಕ್ಕ ಹಾಕಿ. ಪರದೆ ಮಂಕಾಗಿ, ಸದ್ದು ಕ್ಷೀಣವಾಗಿದ್ದರೆ ಅದೇ ಕಾರಣ. ಮೂಗಿನ ಹತ್ತಿರ ಹಿಡಿದರೆ ಕೆಲವೊಮ್ಮೆ ಮೀನಿನ ವಾಸನೆಯೂ ಬರುತ್ತದೆ. 2001ರಲ್ಲಿ ಬಂದ ಮೊದಲ ಎಕ್ಸ್‌ಬಾಕ್ಸ್‌ನ ಹೆಚ್ಚಿನ ಆವೃತ್ತಿಗಳಲ್ಲಿ ಗಡಿಯಾರಕ್ಕೆಂದು ಇಟ್ಟ ಕೆಪಾಸಿಟರ್ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಅಂಗಡಿಯಲ್ಲಿ ಚಾಲೂ ಆದರೂ ಒಳಗೆ ಕೊರೆತ ನಡೆದಿರುತ್ತದೆ. ಬೆಲೆ ಕಟ್ಟುವಾಗ ಆ ದುರಸ್ತಿಯ ಖರ್ಚನ್ನೂ ಸೇರಿಸಿಕೊಳ್ಳಿ. ಗೇಮ್ ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ಕಾರ್ಟ್ರಿಡ್ಜ್‌ಗಳಲ್ಲಿ ನಕಲಿ ತುಂಬಿಕೊಂಡಿವೆ. ಕೆಳಗಿನ ಸಂದಿಯಲ್ಲಿ, ಚಿನ್ನದ ಬಣ್ಣದ ಹಲ್ಲುಗಳ ಮೇಲ್ಗಡೆ ‘ನಿಂಟೆಂಡೊ’ ಎಂಬ ಸಣ್ಣ ಅಚ್ಚು ಇದೆಯೇ, ಮುಂದಿನ ಲೇಬಲ್ ಮೇಲೆ ಒತ್ತಿದ ಅಂಕಿಯ ಗುರುತು ಓರೆ ಬೆಳಕಿನಲ್ಲಿ ಕಾಣುತ್ತದೆಯೇ ನೋಡಿ.

ನಾನು ಈಗ ಚೀಲದಲ್ಲಿ ಆರು ಪೆನ್ಸಿಲ್ ಸೆಲ್ ಇಟ್ಟುಕೊಂಡೇ ಹೋಗುತ್ತೇನೆ. ಟೇಪ್ ಬಿಚ್ಚುವುದಿಲ್ಲ ಎಂದರೆ ಎಷ್ಟೇ ಅಪರೂಪದ ವಸ್ತುವಾದರೂ ಅಲ್ಲಿಯೇ ಬಿಟ್ಟು ಬರುತ್ತೇನೆ. ಬಿಚ್ಚಲು ಒಪ್ಪಿದರೆ ಮೊದಲು ನೋಡುವುದು ಸೆಲ್ ಕೂರುವ ಜಾಗದ ಲೋಹವನ್ನು. ಕೆಲಸ ಮಾಡುತ್ತದೆ ಎಂದು ಬಾಯಲ್ಲಿ ಹೇಳುವವರನ್ನು, ಅದನ್ನೇ ರಸೀದಿಯ ಮೇಲೆ ಬರೆದು ಸಹಿ ಹಾಕಿ ಎಂದು ಕೇಳಿ. ಪ್ರಾಮಾಣಿಕರು ಬರೆದುಕೊಡುತ್ತಾರೆ. ಅಂಥವರೂ ಇದ್ದಾರೆ, ಅವರಲ್ಲಿಗೇ ಮತ್ತೆ ಮತ್ತೆ ಹೋಗಿ.

ಕೊಂಡದ್ದನ್ನು ಊರಿಗೆ ಒಯ್ಯುವವರಿಗೆ ಇನ್ನೆರಡು ಮಾತು. ಅಮೆರಿಕದ ಹಳೆಯ ಅಡಾಪ್ಟರ್‌ಗಳು 120 ವೋಲ್ಟ್‌ಗೆ ಮಾಡಿದವು. ನಮ್ಮ 230 ವೋಲ್ಟ್ ಸಾಕೆಟ್‌ಗೆ ಬರಿಯ ಪಿನ್ ಬದಲಿಸಿ ಚುಚ್ಚಿದರೆ ಸುಟ್ಟುಹೋಗುತ್ತವೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಮನೆಯ ಅಟ್ಟದ ಮೇಲೆ ತೊಂಬತ್ತರ ದಶಕದ ಮಾರಿಯೊ, ಕಾಂಟ್ರಾ ಕಾರ್ಟ್ರಿಡ್ಜ್‌ಗಳಿವೆ, ಅವನ್ನು ಆಡಬಹುದು ಎಂದು ಎನ್‌ಇಎಸ್ ಕೊಳ್ಳುವವರೂ ಇದ್ದಾರೆ. ಆಗ ನಮ್ಮಲ್ಲಿ ಮಾರುತ್ತಿದ್ದ ಅಗ್ಗದ ಯಂತ್ರಗಳು ಬಹುಪಾಲು ಫ್ಯಾಮಿಕಾಮ್‌ನ ನಕಲು. ಅವುಗಳ ಕಾರ್ಟ್ರಿಡ್ಜ್‌ಗೆ 60 ಪಿನ್, ಎನ್‌ಇಎಸ್‌ಗೆ 72. ನಡುವೆ ಒಂದು ಪರಿವರ್ತಕವಿಲ್ಲದೆ ಅವು ಅದರೊಳಗೆ ಕೂರುವುದಿಲ್ಲ.