ಅದಿರಿನ ಧೂಳು ಬಳಿದ ಲೋಕೋ ಕೊಳ್ಳುವ ಮುಂಚೆ ಅಡಿ ತಿರುಗಿಸಿ ನೋಡಿ

ಸೆಕೆಂಡ್ ಹ್ಯಾಂಡ್ ಮಾಡೆಲ್ ಲೋಕೋ (ರೈಲು ಎಂಜಿನ್ನಿನ ಪುಟ್ಟ ಪ್ರತಿರೂಪ) ಹುಡುಕುತ್ತಿರುವವರಿಗೆ ಒಂದು ಮಾತು. ಮಾರುವವರು 'ವೆದರಿಂಗ್ ಮಾಡಿದೆ' (ಓಡಿ ಓಡಿ ಹಳತಾದಂತೆ ಕಾಣಲು ಧೂಳು, ಬಣ್ಣ ಬಳಿದಿದೆ) ಅಂತ ಬರೆದು ಮಾಮೂಲಿಗಿಂತ ಜಾಸ್ತಿ ಬೆಲೆ ಕೇಳುತ್ತಿದ್ದರೆ, ಆ ಮಣ್ಣು ಮಸಿಯೆಲ್ಲ ಬಳಿದಿರುವುದು ಅಂದಕ್ಕೋ ಹುಳುಕು ಮುಚ್ಚುವುದಕ್ಕೋ ಅಂತ ಮೊದಲು ವಿಚಾರಿಸಿ. ನನ್ನ ಪಾಲಿಗೆ ಬಂದದ್ದು ಎರಡನೆಯ ಥರದ್ದು.

ಮಾರುವವನ ಜಾಹೀರಾತಿನ ಪ್ರಕಾರ ಮಾಲು ಎಂಥದು ಅಂದರೆ, ಎಚ್‌ಒ ಅಳತೆಯ (1:87, ಅಂದರೆ ನಿಜವಾದದ್ದರ 87ನೇ ಒಂದು ಪಾಲು) ಡಬ್ಲ್ಯುಡಿಜಿ-4, ನಮ್ಮ ರೈಲ್ವೆಯ ಗೂಡ್ಸ್ ಎಳೆಯುವ ಡೀಸೆಲ್ ಎಂಜಿನ್. ಹುಬ್ಬಳ್ಳಿ ಶೆಡ್ಡಿನದು, ಹೊಸಪೇಟೆ ಕಡೆಯ ಅದಿರು ಗಾಡಿ ಎಳೆದು ಮೈಯೆಲ್ಲ ಕೆಂಪಾದದ್ದು. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ 1:37ರ (37 ಅಡಿಗೆ ಒಂದಡಿ ಏರುವ) ಘಟ್ಟದ ಏರಿನಲ್ಲಿ ಇಂಥ ಲೋಕೋಗಳು ಏದುಸಿರು ಬಿಡುವುದನ್ನು ನೋಡಿದವರಿಗೆ ಈ ವಿವರಣೆ ಓದಿದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಬರೆದವನಿಗೂ ಅದು ಗೊತ್ತಿತ್ತು.

ಡಬ್ಲ್ಯುಡಿಜಿ-4ರ ಮೂಲ ಅಮೆರಿಕದ ಇಎಂಡಿ ಕಂಪನಿಯ ಜಿಟಿ46ಎಂಎಸಿ. ಹಾಗಾಗಿ ಅದೇ ಕಂಪನಿಯ ಎಸ್‌ಡಿ ಸರಣಿಯ ಹಳೆಯ ಮಾಡೆಲ್ ಹಿಡಿದು, ಕ್ಯಾಬ್ ತಿದ್ದಿ, ಬಫರ್ (ತುದಿಯಲ್ಲಿ ಧಕ್ಕೆ ತಡೆಯುವ ಗುಂಡಿ) ಕೂರಿಸಿ, ಬಣ್ಣ ಬದಲಿಸಿ ನಮ್ಮ ಲೋಕೋ ಮಾಡಿಕೊಳ್ಳುವ ಹವ್ಯಾಸಿಗಳು ಇದ್ದಾರೆ. ಹೊರದೇಶದಿಂದಲೇ ತರಿಸಿಕೊಳ್ಳೋಣ ಅಂದರೆ ಸುಂಕ ಕೊಲ್ಲುತ್ತದೆ. ಅಳತೆಯ ಮಾಡೆಲ್‌ಗಳೂ ಕಸ್ಟಮ್ಸ್ ಲೆಕ್ಕದಲ್ಲಿ ಆಟಿಕೆಗಳೇ. ಆಟಿಕೆಯ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಹಾರಿತು, 2023ರಲ್ಲಿ 70ಕ್ಕೆ ಮುಟ್ಟಿತು. ಆದ್ದರಿಂದ ದೇಶದೊಳಗೇ ಕೈ ಬದಲಾಗುವ ಹಳೆಯ ಮಾಲಿಗೆ ಈಗ ಎಲ್ಲಿಲ್ಲದ ಗಿರಾಕಿ. ಇಂಥ ಮಾರಾಟಗಾರರು ಬೆಳೆಯುವುದೂ ಅದರಿಂದಲೇ.

ಕೊಳ್ಳುವ ಮುಂಚೆ ಅಡಿಭಾಗದ ಫೋಟೋ ಕೇಳಿದೆ. 'ಪ್ಯಾಕ್ ಮಾಡಿಬಿಟ್ಟಿದೀನಿ ಸಾರ್' ಅಂದ. ಓಡುವ ವಿಡಿಯೋ ಕಳಿಸಿದ. ನೇರ ಹಳಿಯ ಮೇಲೆ, ಒಂದೇ ದಿಕ್ಕಿಗೆ, ಜೋರಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವಂಥದ್ದು. ನಿಧಾನಕ್ಕೆ ಹಿಂದೆ ಮುಂದೆ ಓಡಿಸಿ ತೋರಿಸಿ ಅಂದದ್ದಕ್ಕೆ 'ಬೆಣ್ಣೆ ಥರ ಓಡುತ್ತೆ, ಗ್ಯಾರಂಟಿ' ಅಂತ ಬಾಯಿಮಾತು ಸಿಕ್ಕಿತು.

ಪೆಟ್ಟಿಗೆ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಆ ಕೆಂಪು. ಸೂರಿನ ಮೇಲೆ ಎಷ್ಟಿತ್ತೋ ಬೋಗಿಯ (ಇಲ್ಲಿ ಡಬ್ಬಿಯಲ್ಲ, ಎಂಜಿನ್ನಿನ ಅಡಿಯ ಚಕ್ರಗಳ ಚೌಕಟ್ಟು) ಮೇಲೂ ಅಷ್ಟೇ. ಕೆಲಸ ಬಲ್ಲವರು ಹೀಗೆ ಮಾಡುವುದಿಲ್ಲ. ನಿಜವಾದ ಲೋಕೋದಲ್ಲಿ ಹಳಿಯ ಧೂಳೂ ಬ್ರೇಕಿನ ತುಕ್ಕುಗಂದೂ ಬೋಗಿ, ಇಂಧನ ಟ್ಯಾಂಕು, ಮೈಯ ಕೆಳಅಂಚು ಇವುಗಳಿಗೆ ದಟ್ಟವಾಗಿ ಮೆತ್ತಿ, ಮೇಲೆ ಹೋದಹಾಗೆ ತೆಳುವಾಗುತ್ತವೆ. ಮಸಿ ಇರುವುದು ಹೊಗೆ ಬರುವ ಬಾಯಿಯ ಸುತ್ತ. ಮಳೆ ನೀರು ಇಳಿದ ಗೆರೆ ಬಾಗಿಲು, ಜಾಲರಿಗಳಿಂದ ಕೆಳಕ್ಕೆ ನೆಟ್ಟಗೆ ಬರುತ್ತದೆ. ಡೀಸೆಲ್ ತುಂಬಿಸುವ ಕಡೆ ಚೆಲ್ಲಿದ ಹೊಳಪಿನ ಕಲೆ ಇರುತ್ತದೆ. ಇಲ್ಲಿ ಅದೊಂದೂ ಇರಲಿಲ್ಲ. ಕಿಟಕಿಗಳೂ ಮಬ್ಬು. ಸೂಪರ್ ಗ್ಲೂ ಆವಿ ತಾಗಿದ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಗೆ ಮಂಜು ಕೂರುತ್ತದೆ. ಅದನ್ನು ಬಚ್ಚಿಡಲು ಗಾಜಿಗೂ ಧೂಳು ಹೊಡೆದಿದ್ದ. ಹೆಬ್ಬೆರಳಿನ ಗುರುತು ಮಾತ್ರ ಅಡಗಿರಲಿಲ್ಲ.

ಹಳಿಗೆ ಇಟ್ಟರೆ ಮೂರು ಗೇಣು ಹೋಗಿ ನಿಂತಿತು. ಚಕ್ರ ಹಳಿಗೆ ತಾಗುವ ಮುಖಕ್ಕೂ ಮ್ಯಾಟ್ ವಾರ್ನಿಷ್ ಹೊಡೆದುಬಿಟ್ಟಿದ್ದ. ಹಳಿಯಿಂದ ಕರೆಂಟ್ ಎತ್ತಿಕೊಳ್ಳುವುದು ಆ ಚಕ್ರಗಳೇ ಅಲ್ಲವೇ, ವಾರ್ನಿಷ್ ಇದ್ದರೆ ಎಲ್ಲಿಂದ ಬರಬೇಕು? ಒರೆಸಿ ಮತ್ತೆ ಬಿಟ್ಟೆ. ಓಡಿತು, ಆದರೆ ಚಕ್ರದ ಪ್ರತಿ ಸುತ್ತಿಗೂ ಒಂದು 'ಟಕ್'. ಚಕ್ರದ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿದರೆ ಹೀಗೆಯೇ ಶಬ್ದ ಬರುವುದು. ಗೇರ್ ಬದಲಿಸಿದರೆ ಹೋಗುವ ಕಾಯಿಲೆ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಗೇರ್ ಡಬ್ಬಿ ಬಿಚ್ಚಿದಾಗ ಒಳಗಿನ ಗ್ರೀಸೆಲ್ಲ ಕೆಂಪು ಕೆಸರು. 'ಒರಿಜಿನಲ್ ಹೊಸಪೇಟೆ ಅದಿರಿನ ಪುಡಿನೇ ಹಾಕಿದೀನಿ' ಅಂತ ಅವನು ಜಂಬ ಕೊಚ್ಚಿಕೊಂಡದ್ದು ಆಗ ನೆನಪಾಯಿತು. ಕಬ್ಬಿಣದ ಆಕ್ಸೈಡ್ ಪುಡಿ ಅಂದರೆ ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಬಳಸುವ ವಸ್ತು. ಅದು ಗ್ರೀಸಿಗೆ ಬೆರೆತರೆ ಗೇರಿನ ಹಲ್ಲನ್ನು ಸವೆಸದೆ ಬಿಡುವುದಿಲ್ಲ. ವೆದರಿಂಗಿಗೆ ಪುಡಿ ಹಾಕುವವರು ಮೋಟರ್, ಬೋಗಿ ಬಿಚ್ಚಿಟ್ಟು ಹಾಕಬೇಕು. ಪುಡಿಯನ್ನು ವಾರ್ನಿಷಿನಿಂದ ಕಟ್ಟಿಹಾಕಬೇಕು. ಇದು ಮೊದಲ ಪಾಠ.

ನಿಜವಾದ ಮೋಸ ಗೊತ್ತಾದದ್ದು ಮೈ ಕಳಚಿದಾಗ. ಕಳಚಲೇ ಇಲ್ಲ ಅನ್ನಿ. ಪ್ಲಾಸ್ಟಿಕ್ ಮೈ ಒಳಗಿನ ಲೋಹದ ಚೌಕಟ್ಟಿಗೆ, ಅಂದರೆ ಚಾಸಿಸ್‌ಗೆ ಕಚ್ಚಿಕೊಂಡಿತ್ತು. ಬಿಡಿಸುವಾಗ ಮಧ್ಯದ ಬಾಗಿಲ ಸಾಲಿನಿಂದ ಪುಟ್ಟಿಯ ಚಕ್ಕೆ ಉದುರಿತು. ಪೇಂಟ್ ತೆಗೆಯಲು 99 ಪ್ರತಿಶತದ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿಟ್ಟೆ. (ಅಸಿಟೋನ್, ಥಿನ್ನರ್ ಮುಟ್ಟಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ. ಆಲ್ಕೊಹಾಲನ್ನೂ ಮೊದಲು ಒಳಮೈಯಲ್ಲಿ ಒಂದು ಮೂಲೆಗೆ ಹಚ್ಚಿ ನೋಡಿ; ಬೆಂಕಿಯಿಂದ ದೂರ, ಕಿಟಕಿ ತೆರೆದಿಟ್ಟು.) ಕೆಂಪು ಹೋಯಿತು, ಶೆಡ್ಡಿನ ಬಣ್ಣ ಹೋಯಿತು, ಅಡಿಯಲ್ಲಿ ಅಮೆರಿಕದ ಯಾವುದೋ ರೈಲು ಕಂಪನಿಯ ಅಕ್ಷರಗಳ ಉಬ್ಬು ಕಂಡಿತು, ಅದಕ್ಕೂ ಅಡಿಯಲ್ಲಿ ಮೈಯ ಎರಡೂ ಪಕ್ಕ ಉದ್ದಕ್ಕೆ ಸೀಳು. ಒಳಗಿನ ಚಾಸಿಸ್ ಊದಿಕೊಂಡು ಮೈಯನ್ನು ಒಡೆದಿತ್ತು. ಸೀಳಿಗೆ ಪುಟ್ಟಿ, ಪುಟ್ಟಿಯ ಮೇಲೆ ಧೂಳು.

ಲೋಹ ಊದುವುದು ಹೇಗೆ ಅಂತ ಕೇಳುವವರಿಗೆ: ಮಾಡೆಲ್ ಲೋಕೋಗಳ ಚಾಸಿಸ್ ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕ. ಎರಕದಲ್ಲಿ ಸೀಸದಂಥ ಕಲ್ಮಶ ಸ್ವಲ್ಪ ಸೇರಿದರೂ ಸಾಕು, ವರ್ಷಗಳು ಕಳೆದಂತೆ ಲೋಹದ ಹರಳುಗಳ ನಡುವೆ ತುಕ್ಕಿನಂಥದ್ದು ಹಿಡಿದು ಉಬ್ಬುತ್ತದೆ, ಬಾಗುತ್ತದೆ, ಬಿರುಕು ಬಿಟ್ಟು ಕೊನೆಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಜಿಂಕ್ ಪೆಸ್ಟ್, ಅಂದರೆ ಸತುವಿನ ಪಿಡುಗು, ಅನ್ನುತ್ತಾರೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಆಟಿಕೆಗಳಲ್ಲಿ ಜಾಸ್ತಿ. ಆದರೆ 2000ದ ನಂತರದ ಕೆಲವು ಮಾಡೆಲ್‌ಗಳಲ್ಲೂ ಕಾಣಿಸಿಕೊಂಡಿದೆ, ಹೊಸದು ಅಂತ ನೆಮ್ಮದಿಯಾಗಿರುವಂತಿಲ್ಲ. ತೇವ, ಸೆಕೆ ಇದ್ದರೆ ಬೇಗ ಹೆಚ್ಚುತ್ತದೆ. ಇದಕ್ಕೆ ಔಷಧಿ ಇಲ್ಲ. ಅಂಟು, ಪ್ರೈಮರ್, ಎಪಾಕ್ಸಿ ಯಾವುದೂ ನಿಲ್ಲಿಸುವುದಿಲ್ಲ, ಯಾಕೆಂದರೆ ರೋಗ ಎರಕದ ಒಳಗೇ ಇದೆ. ಪಕ್ಕದ ಲೋಕೋಗೆ ಅಂಟುತ್ತದೆ ಅನ್ನುವುದು ಮಾತ್ರ ಸುಳ್ಳು, ಹೆಸರು ಕೇಳಿ ಹೆದರಬೇಡಿ.

ಮಾರಿದವನಿಗೆ ಫೋಟೋ ಕಳಿಸಿದೆ. 'ಹಳೇ ಮಾಲು ಅಲ್ವಾ ಸಾರ್, ಇದ್ದಂಗೇ ಕೊಟ್ಟಿದ್ದು. ಬಿಚ್ಚಿದ್ದು ನೀವು' ಅಂದ. ಇದ್ದಂಗೇ ಕೊಟ್ಟವನು ಪುಟ್ಟಿ ಯಾಕೆ ಮೆತ್ತಿದ ಅಂತ ಕೇಳಿದ್ದಕ್ಕೆ ಮಾತಿಲ್ಲ. ಇದನ್ನು ಬರೆಯುತ್ತಿರುವುದು ಅದಕ್ಕೇ. ಹಳೆಯ ಮಾಲಿನಲ್ಲಿ ದೋಷ ಇರುವುದು ಸಹಜ, ಅದನ್ನು ಹೇಳಿ ಮಾರಿದರೆ ಬಿಡಿಭಾಗಕ್ಕಾದರೂ ಕೊಳ್ಳುವವರು ಸಿಗುತ್ತಾರೆ. ಗೇರ್ ಬಿಟ್ಟರೆ ಮೋಟರ್, ಬೋಗಿಗಳು ಚೆನ್ನಾಗಿಯೇ ಇದ್ದವು. ಬಿಡಿಭಾಗದ ಬೆಲೆಗೆ ನಾನೇ ಕೊಳ್ಳುತ್ತಿದ್ದೆ.

ಹೀಗಾಗಬಾರದು ಅಂದರೆ ಮೈ ಕಳಚಿದ ಫೋಟೋ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಚಾಸಿಸ್‌ನ ಉದ್ದಕ್ಕೂ ಸ್ಕೇಲ್ ಇಟ್ಟ ಫೋಟೋ ಸಿಕ್ಕರೆ ಇನ್ನೂ ಒಳ್ಳೆಯದು. ಮಧ್ಯೆ ಬಾಗಿದ್ದರೆ, ಕಪ್ಲಿಂಗ್ (ಡಬ್ಬಿ ಜೋಡಿಸುವ ಕೊಂಡಿ) ಒಂದು ತುದಿಯಲ್ಲಿ ಎತ್ತರ ಇನ್ನೊಂದರಲ್ಲಿ ತಗ್ಗು ಇದ್ದರೆ, ಲೋಹದ ಮೇಲೆ ಜೇಡರ ಬಲೆಯಂಥ ಗೆರೆ ಇದ್ದರೆ ಕೈ ಮುಗಿದು ಹೊರಡಿ. ವಿಡಿಯೋ ಕತ್ತರಿಸದೇ ಇರಲಿ, ನಿಧಾನವಾಗಿ ಎರಡೂ ದಿಕ್ಕಿಗೆ, ತಿರುವಿನಲ್ಲೂ. ಸಾಧ್ಯವಾದರೆ ವೆದರಿಂಗ್ ಇಲ್ಲದ ಲೋಕೋ ಕೊಂಡು ನೀವೇ ಧೂಳು ಹಚ್ಚಿ, ಈ ಹವ್ಯಾಸದ ಮಜಾ ಅರ್ಧ ಅಲ್ಲೇ ಇದೆ.

ಅದೇ ಮಾರಾಟಗಾರ ಈಗ ಇನ್ನೊಂದು ಕೆಂಪು ಲೋಕೋ ಮಾರಾಟಕ್ಕೆ ಇಟ್ಟಿದ್ದಾನೆ. ಫೋಟೋಗಳೆಲ್ಲ ಮೇಲಿನಿಂದ ತೆಗೆದವು. ಗೆಳೆಯರೊಬ್ಬರಿಂದ ಅಡಿಭಾಗದ ಫೋಟೋ ಕೇಳಿಸಿದೆ, ಪ್ಯಾಕ್ ಆಗಿದೆಯಂತೆ.